ನಕ್ಷತ್ರಗಳ ಲೆಕ್ಕ ತಾಳೆ ನೋಡುವುದು ಹೇಗೆ?

(ಕುಬಿಹಾಳದಲ್ಲಿ ಕೂಡಿದ ರೈತರು, ಗಿರಣಿ ಕಾಮಗಾರರು ಮತ್ತು ಅಂಗಡಿಕಾರರ ಮುಂದೆ ಮಾಡಿದ ಭಾಷಣದ ಬರಹರೂಪ)



ಕುಬಿಹಾಳದಂಥ ಊರಿನಲ್ಲಿ ನಕ್ಷತ್ರದ ಮಾತು ಹೊಸದಲ್ಲ. ರೋಹಿಣಿ ಮಳೆ, ಮಿರಗದ ಮಳೆ ಎಂದು ಎಣಿಸಿ ಬಿತ್ತಿಗೆ ಹೊರಡುವವರು ನೀವು. ಅದು ಒಳ್ಳೆಯ ಲೆಕ್ಕ. ಸೂರ್ಯ ಯಾವ ನಕ್ಷತ್ರದ ಹತ್ತಿರ ಕಾಣುತ್ತಾನೆ ಎಂಬುದರಿಂದ ಋತು ಗೊತ್ತಾಗುತ್ತದೆ, ಋತುವಿನಿಂದ ಮಳೆಯ ಅಂದಾಜು ಸಿಗುತ್ತದೆ. ಆದರೆ ನಕ್ಷತ್ರದ ಹೆಸರಿನಲ್ಲಿ ಇನ್ನೊಂದು ವ್ಯಾಪಾರವೂ ನಡೆದಿದೆ. ಮಗಳ ಮದುವೆ ತಡವಾದರೆ ನಕ್ಷತ್ರದ ದೋಷ, ಅಂಗಡಿ ಹಾನಿಗೆ ಬಿದ್ದರೆ ಗ್ರಹದ ಕಾಟ, ಗಿರಣಿಯಲ್ಲಿ ಕೆಲಸ ಹೋದರೆ ಜಾತಕದ ತಪ್ಪು. ಅದಕ್ಕೊಂದು ಶಾಂತಿ, ಶಾಂತಿಗೊಂದು ಖರ್ಚು. ಆ ಖರ್ಚಿಗೆ ಸಾಲ ತೆಗೆದವರು ಈ ಸಭೆಯಲ್ಲಿಯೂ ಇರಬಹುದು.

ನಕ್ಷತ್ರ ಹೀಗೆ ಹೇಳುತ್ತದೆ ಎಂದು ಯಾರಾದರೂ ಅಂದರೆ, ನಾವು ಅಂಗಡಿಯಲ್ಲಿ ಕೇಳುವ ಪ್ರಶ್ನೆಯನ್ನೇ ಅಲ್ಲಿಯೂ ಕೇಳಬೇಕು: ಈ ಲೆಕ್ಕಕ್ಕೆ ತಾಳೆ ಎಲ್ಲಿದೆ? ಇನ್ನೊಬ್ಬನು ಕೂಡಿ ನೋಡಿದರೆ ಇದೇ ಮೊತ್ತ ಬರುತ್ತದೆಯೇ? ನಕ್ಷತ್ರದಿಂದ ಬಂದ ಬೆಳಕನ್ನೇ ಸಾಕ್ಷಿಗೆ ಕರೆದು, ಹೀಗೆ ತಾಳೆ ನೋಡುವ ವಿದ್ಯೆಯೊಂದಿದೆ. ಅದಕ್ಕೆ ವರ್ಣಪಟಲ ಶಾಸ್ತ್ರ ಎಂದು ಹೆಸರು. ಅದರ ದೊಡ್ಡದೊಂದು ಅಧ್ಯಾಯ ನಮ್ಮ ಜಮಖಂಡಿಯಲ್ಲಿ ನಡೆದದ್ದು ಎಂಬುದು ನಮ್ಮಲ್ಲಿ ಬಹಳ ಮಂದಿಗೆ ಗೊತ್ತಿಲ್ಲ.

ಮುಟ್ಟದೆ ತಿಳಿಯುವ ಬಗೆ

1835ರಲ್ಲಿ ಫ್ರಾನ್ಸಿನ ದೊಡ್ಡ ತತ್ತ್ವಜ್ಞಾನಿ ಆಗಸ್ಟ್ ಕೋಂತ್ ಒಂದು ಮಾತು ಬರೆದ. ನಕ್ಷತ್ರಗಳ ದೂರ, ಗಾತ್ರ, ಚಲನೆ ಇವು ಮನುಷ್ಯನಿಗೆ ತಿಳಿದಾವು. ಆದರೆ ಅವು ಯಾವ ವಸ್ತುವಿನಿಂದ ಆಗಿವೆ ಎಂಬುದು ಎಂದಿಗೂ ತಿಳಿಯದು ಎಂದ. ಕೇಳಿದರೆ ಸರಿ ಅನ್ನಿಸುವ ಮಾತೇ. ಅಕ್ಕಿಯೋ ನುಚ್ಚೋ ಎಂದು ತಿಳಿಯಲು ಕೈಯಲ್ಲಿ ಹಿಡಿದು ನೋಡಬೇಕು. ನಕ್ಷತ್ರವನ್ನು ಯಾರು ಹಿಡಿದು ತಂದಾರು?

ಆದರೆ ನಿಮ್ಮ ಮನೆಯ ಒಲೆಯ ಮುಂದೆ ಕುಳಿತ ತಾಯಂದಿರನ್ನು ಕೇಳಿ. ಉಪ್ಪು ಹಾಕಿದ ಗಂಜಿ ಉಕ್ಕಿ ಗ್ಯಾಸಿನ ನೀಲಿ ಉರಿಯ ಮೇಲೆ ಬಿದ್ದರೆ ಉರಿ ತಟ್ಟನೆ ಹಳದಿಯಾಗುತ್ತದೆ. ಅದು ಉಪ್ಪಿನಲ್ಲಿರುವ ಸೋಡಿಯಂ ಧಾತುವಿನ ಬಣ್ಣ. ಜಾತ್ರೆಯ ಮದ್ದಿನಲ್ಲಿ ಕೆಂಪು ಬೇಕಾದರೆ ಸ್ಟ್ರಾನ್ಷಿಯಂ, ಹಸಿರು ಬೇಕಾದರೆ ಬೇರಿಯಂ ಬೆರೆಸುತ್ತಾರೆ. ಒಂದೊಂದು ಧಾತು ಕಾದಾಗ ತನ್ನದೇ ಬಣ್ಣ ಕೊಡುತ್ತದೆ. ಬರಿಗಣ್ಣಿಗೆ ಇದು ಒರಟು ಲೆಕ್ಕ. ಬೆಳಕನ್ನು ಮೂರು ಮೂಲೆಯ ಗಾಜಿನಲ್ಲಿ ಹಾಯಿಸಿ ಕಾಮನಬಿಲ್ಲಿನಂತೆ ಹರವಿದರೆ ಲೆಕ್ಕ ನಾಜೂಕಾಗುತ್ತದೆ. ಕಾದ ಧಾತುವಿನ ಆವಿಯ ಬೆಳಕು ಹೀಗೆ ಹರವಿದಾಗ ಇಡೀ ಕಾಮನಬಿಲ್ಲಾಗಿ ಕಾಣುವುದಿಲ್ಲ. ಕೆಲವೇ ಜಾಗದಲ್ಲಿ ಹೊಳೆಯುವ ಗೆರೆಗಳಾಗಿ ಕಾಣುತ್ತದೆ. ಸೋಡಿಯಮ್ಮಿಗೆ ಹಳದಿಯಲ್ಲಿ ಒತ್ತೊತ್ತಾದ ಎರಡು ಗೆರೆ. ಕಬ್ಬಿಣಕ್ಕೆ ಸಾವಿರಾರು ಗೆರೆ. ಒಂದರ ಗೆರೆಗಳ ಸಾಲು ಇನ್ನೊಂದಕ್ಕೆ ಬರುವುದಿಲ್ಲ. ಸಾಲಪತ್ರದ ಮೇಲಿನ ಹೆಬ್ಬೆರಳ ಗುರುತಿದ್ದಂತೆ.

ಗಾಜಿನ ಕಾಮಗಾರ ಕಂಡ ಗೆರೆಗಳು

ಈ ವಿದ್ಯೆಗೆ ಅಡಿಪಾಯ ಹಾಕಿದವನು ಪಂಡಿತನಲ್ಲ, ಒಬ್ಬ ಕೈಕಸುಬಿನವ. ಜರ್ಮನಿಯ ಯೋಸೆಫ್ ಫ್ರೌನ್‌ಹೋಫರ್ 1787ರಲ್ಲಿ ಗಾಜಿನ ಕೆಲಸದವನ ಮಗನಾಗಿ ಹುಟ್ಟಿದ. ಹನ್ನೊಂದರ ವಯಸ್ಸಿಗೆ ತಬ್ಬಲಿಯಾಗಿ, ಮ್ಯೂನಿಕ್ ನಗರದಲ್ಲಿ ಕನ್ನಡಿ ಮಾಡುವ ಧಣಿಯೊಬ್ಬನ ಕೈಕೆಳಗೆ ಕೆಲಸಕ್ಕೆ ಸೇರಿದ. ಅಲ್ಲಿ ದುಡಿತವಿತ್ತು, ಓದಿಗೆ ಅವಕಾಶವಿರಲಿಲ್ಲ. 1801ರಲ್ಲಿ ಆ ಕೆಲಸದ ಮನೆಯೇ ಕುಸಿದು ಹುಡುಗ ಅವಶೇಷಗಳಡಿ ಸಿಕ್ಕಿಬಿದ್ದ. ಬದುಕಿ ಹೊರಬಂದ ಅವನಿಗೆ ಆ ನಾಡಿನ ದೊರೆ ಕೊಟ್ಟ ಹಣದಿಂದ ಪುಸ್ತಕವೂ ಉಪಕರಣವೂ ದಕ್ಕಿದವು. ಮುಂದೆ ಯುರೋಪಿನಲ್ಲಿಯೇ ಉತ್ತಮವಾದ ಗಾಜನ್ನು ಮಾಡಿದವನು ಆತನೇ.

1814ರಲ್ಲಿ ತಾನು ಮಾಡಿದ ಗಾಜನ್ನು ಪರೀಕ್ಷಿಸಲು ಸೂರ್ಯನ ಬೆಳಕನ್ನು ಹರವಿ ನೋಡಿದಾಗ, ಆ ಏಳು ಬಣ್ಣದ ಪಟ್ಟಿಯಲ್ಲಿ ನೂರಾರು ಕಪ್ಪು ಗೆರೆಗಳು ಕಂಡವು. ಐನೂರಕ್ಕೂ ಹೆಚ್ಚು ಗೆರೆಗಳ ಜಾಗವನ್ನು ಅಳೆದು ನಕ್ಷೆ ಮಾಡಿಟ್ಟ. ಅವು ಏಕಿವೆ ಎಂಬುದು ಅವನಿಗೆ ತಿಳಿಯಲಿಲ್ಲ. 39ನೆಯ ವಯಸ್ಸಿಗೇ ತೀರಿಹೋದ. ಆದರೆ ನಕ್ಷೆ ಉಳಿಯಿತು.

ಗುಟ್ಟು ಬಿಚ್ಚಿದ್ದು 1859ರಲ್ಲಿ, ಜರ್ಮನಿಯ ಹೈಡೆಲ್‌ಬರ್ಗಿನ ಕಿರ್ಖಾಫ್ ಮತ್ತು ಬುನ್ಸೆನ್ ಎಂಬ ಇಬ್ಬರು ಗೆಳೆಯರು. ಸೂರ್ಯನ ಒಳಗಿನಿಂದ ಬರುವ ಬೆಳಕಿನಲ್ಲಿ ಎಲ್ಲ ಬಣ್ಣವೂ ಇದೆ. ಅದು ಮೇಲಿನ ತುಸು ತಣ್ಣನೆಯ ಅನಿಲದ ಪದರ ದಾಟಿ ಬರಬೇಕು. ಹಿಂದೆ ಊರ ಬಾಯಲ್ಲಿ ಜಕಾತಿ ನಾಕೆ ಇರುತ್ತಿತ್ತಲ್ಲ, ಹಾಗೆ. ಆ ಪದರದಲ್ಲಿರುವ ಒಂದೊಂದು ಧಾತುವೂ ತಾನು ಕಾದಾಗ ಯಾವ ಬಣ್ಣ ಕೊಡುತ್ತದೆಯೋ ಆ ಬಣ್ಣವನ್ನೇ ಹಾದುಹೋಗುವ ಬೆಳಕಿನಿಂದ ಕಡಿದುಕೊಳ್ಳುತ್ತದೆ. ಕಡಿದ ಜಾಗ ನಮಗೆ ಕಪ್ಪು ಗೆರೆ. ಕಪ್ಪು ಗೆರೆಯ ಜಾಗ ಸೋಡಿಯಮ್ಮಿನ ಹಳದಿ ಗೆರೆಗೆ ಕೂಡಿಬಂದರೆ ಅಲ್ಲಿ ಸೋಡಿಯಂ ಇದೆ. ಹೀಗೆ ಸೂರ್ಯನಲ್ಲಿ ಕಬ್ಬಿಣವಿದೆ, ಸೋಡಿಯಂ ಇದೆ ಎಂದು ಒಂಬತ್ತು ಕೋಟಿ ಮೈಲಿ ದೂರದಿಂದ ತಿಳಿಯಿತು. ಕೋಂತ್ ಎಂದಿಗೂ ತಿಳಿಯದು ಎಂದದ್ದು ಇಪ್ಪತ್ತನಾಲ್ಕೇ ವರ್ಷಕ್ಕೆ ತಿಳಿದುಬಂತು.

ಈ ಇಬ್ಬರು ಒಂದು ರಾತ್ರಿ ಹತ್ತಾರು ಮೈಲಿ ದೂರದ ಮಾನ್‌ಹೈಮ್ ಊರಿಗೆ ಬಿದ್ದ ಬೆಂಕಿಯನ್ನು ಕಿಟಕಿಯಿಂದ ನೋಡಿ, ಉರಿಯಲ್ಲಿ ಬೇರಿಯಂ, ಸ್ಟ್ರಾನ್ಷಿಯಂ ಇದೆಯೆಂದು ಹೇಳಿದರಂತೆ. ಹುಬ್ಬಳ್ಳಿಯ ವಖಾರಿಗೆ ಬೆಂಕಿ ಬಿದ್ದರೆ ಇಲ್ಲಿ ಕುಬಿಹಾಳದ ಮಾಳಿಗೆಯ ಮೇಲೆ ನಿಂತು, ಉರಿಯುವ ಮಾಲು ಯಾವುದೆಂದು ಹೇಳಿದಂತೆ ಅದು.

ಜಮಖಂಡಿಯ ಐದು ನಿಮಿಷ

ಈಗ ನಮ್ಮ ಸೀಮೆಗೆ ಬರೋಣ. 1868ರ ಆಗಸ್ಟ್ 18ರಂದು ಖಗ್ರಾಸ ಸೂರ್ಯಗ್ರಹಣವಾಯಿತು. ಅದರ ನೆರಳು ಪಶ್ಚಿಮ ಕಡಲಿನಿಂದ ನೆಲಕ್ಕೇರಿ ಜಮಖಂಡಿ, ವಿಜಾಪುರಗಳನ್ನು ದಾಟಿ ಆಂಧ್ರದ ಗುಂಟೂರಿನ ಮೇಲೆ ಹಾಯ್ದು ಮೂಡಣ ಕಡಲಿಗಿಳಿಯಿತು. ಕುಬಿಹಾಳದ ಕಡೆ ಪೂರ್ತಿ ಕತ್ತಲಾಗದಿದ್ದರೂ ಸೂರ್ಯ ಬಹುಮಟ್ಟಿಗೆ ಮುಚ್ಚಿಹೋಗಿದ್ದ.

ಗ್ರಹಣದಲ್ಲಿ ಚಂದ್ರ ಸೂರ್ಯನ ತಟ್ಟೆಯನ್ನು ಮುಚ್ಚಿದಾಗ ಅಂಚಿನಲ್ಲಿ ಕೆಂಪು ನಾಲಿಗೆಗಳು ಕಾಣುತ್ತವೆ. ಅವು ಸೂರ್ಯನವೋ ಚಂದ್ರನವೋ, ಬೆಂಕಿಯೋ ಮೋಡವೋ ಎಂದು ಆಗ ವಾದವಿತ್ತು. ಕಿರ್ಖಾಫ್‌ನ ವಿದ್ಯೆ ಕೈಗೆ ಬಂದ ಮೇಲಿನ ಮೊದಲ ದೊಡ್ಡ ಅವಕಾಶ ಇದು. ಲಂಡನ್ನಿನ ರಾಯಲ್ ಸೊಸೈಟಿ ವರ್ಣಪಟಲದರ್ಶಕ ಕಳಿಸಿತು. ಅದನ್ನು ಹೊತ್ತು ಜಮಖಂಡಿಗೆ ಬಂದವನು ಸರ್ವೇ ಇಲಾಖೆಯ ಲೆಫ್ಟಿನೆಂಟ್ ಜಾನ್ ಹರ್ಷೆಲ್. ಯುರೇನಸ್ ಗ್ರಹವನ್ನು ಕಂಡುಹಿಡಿದ ವಿಲಿಯಂ ಹರ್ಷೆಲ್‌ನ ಮೊಮ್ಮಗ. ವಿಜಾಪುರದಲ್ಲಿ ಕ್ಯಾಪ್ಟನ್ ಹೇಗ್ ಎಂಬವನು ಕೈಯಲ್ಲಿ ಹಿಡಿಯುವ ಚಿಕ್ಕ ಸಾಧನದೊಡನೆ ನಿಂತಿದ್ದ. ಗುಂಟೂರಿನಲ್ಲಿ ಫ್ರಾನ್ಸಿನ ಜಾನ್ಸೆನ್ ಇದ್ದ. ಪೆಟ್ಟಿಗೆ ಹೊತ್ತವರು, ಡೇರೆ ಹೊಡೆದವರು ನಮ್ಮವರೇ ಇದ್ದಿರಬೇಕು. ಪುಸ್ತಕದಲ್ಲಿ ನಾವು ಓದುವುದು ಸಾಹೇಬರ ಹೆಸರುಗಳನ್ನೇ.

ಶ್ರಾವಣದ ಆಕಾಶ. ಮೋಡದ ಕಾಟ. ಕತ್ತಲು ಇದ್ದದ್ದು ಸುಮಾರು ಐದು ನಿಮಿಷ. ಅಷ್ಟರಲ್ಲಿ ಮೋಡ ಬಿರಿದ ಸಂದಿಯಲ್ಲಿ ಹರ್ಷೆಲ್ ಆ ಕೆಂಪು ನಾಲಿಗೆಗೆ ಸಾಧನ ಹಿಡಿದ. ಮೂರು ಹೊಳೆಯುವ ಗೆರೆಗಳು ಕಂಡವು: ಒಂದು ಕೆಂಪು, ಒಂದು ಕಿತ್ತಳೆ, ಒಂದು ನೀಲಿ. ಇಡೀ ಪಟ್ಟಿಯಲ್ಲ, ಬರೀ ಗೆರೆಗಳು. ಎಂದರೆ ಆ ನಾಲಿಗೆ ಕಾದ ಅನಿಲ. ಕೆಂಪು ಮತ್ತು ನೀಲಿ ಗೆರೆಗಳು ಜಲಜನಕದವು. ಕಿತ್ತಳೆ ಗೆರೆ ಸೋಡಿಯಮ್ಮಿನ ಗೆರೆ ಇರುವ ಜಾಗದಲ್ಲಿಯೇ ಇದ್ದಂತೆ ಕಂಡಿತು. ಆ ಐದು ನಿಮಿಷದಲ್ಲಿ ಆ ಸಾಧನ ಕೊಡಬಹುದಾದ ಅಳತೆ ಅಷ್ಟೇ. ಬೇರೆ ಕಡೆ ನೋಡಿದವರೂ ಹಾಗೆಯೇ ಅಂದುಕೊಂಡರು.

ಗುಂಟೂರಿನಲ್ಲಿ ಜಾನ್ಸೆನ್ ಗೆರೆಗಳ ಹೊಳಪನ್ನು ಕಂಡು, ಇಷ್ಟು ಪ್ರಖರವಾದ ಗೆರೆ ಗ್ರಹಣವಿಲ್ಲದೆಯೂ ಕಾಣಬೇಕು ಎಂದು ಮರುದಿನ ಬೆಳಗ್ಗೆಯೇ ನೋಡಿದ, ಕಂಡವು. ಅಕ್ಟೋಬರ್ 20ರಂದು ಇಂಗ್ಲೆಂಡಿನಲ್ಲಿ ನಾರ್ಮನ್ ಲಾಕಿಯರ್ ತಾನಾಗಿಯೇ ಅದೇ ಬಗೆಯಿಂದ ನೋಡಿದ. ಈಗ ಐದು ನಿಮಿಷದ ಅವಸರವಿಲ್ಲ. ನಿಧಾನವಾಗಿ ಅಳೆಯಬಹುದು. ಅಳೆದಾಗ ಆ ಗೆರೆ ಸೋಡಿಯಮ್ಮಿನ ಜಾಗಕ್ಕೆ ಕೂಡಲಿಲ್ಲ. ಸುಮಾರು ಒಂದೂವರೆ ನ್ಯಾನೊಮೀಟರ್ ಅಂತರ ಉಳಿಯಿತು. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಒಂದು ಪಾಲು ಒಂದು ನ್ಯಾನೊಮೀಟರ್. ಇಷ್ಟು ಸಣ್ಣ ಅಂತರ! ಹೋಗಲಿ ಬಿಡು ಎನ್ನಬಹುದಿತ್ತು. ಕೀರ್ದಿಯಲ್ಲಿ ಒಂದು ಪೈ ಕೂಡಿಬರದಿದ್ದರೆ ರಾತ್ರಿಯೆಲ್ಲ ಕೂತು ಹುಡುಕುವ ಹಳೆಯ ಗುಮಾಸ್ತನ ಹಾಗೆ ಲಾಕಿಯರ್ ಬಿಡಲಿಲ್ಲ. ಭೂಮಿಯ ಯಾವ ಧಾತುವಿಗೂ ಆ ಗೆರೆ ಕೂಡುವುದಿಲ್ಲ, ಇದು ಹೊಸ ಧಾತು ಎಂದ. ಗ್ರೀಕರ ಸೂರ್ಯನ ಹೆಸರಿನಿಂದ ಅದಕ್ಕೆ ಹೀಲಿಯಂ ಎಂದು ಹೆಸರಾಯಿತು. ಬಹಳ ಮಂದಿ ನಂಬಲಿಲ್ಲ. 27 ವರ್ಷ ಕಳೆದು 1895ರಲ್ಲಿ ವಿಲಿಯಂ ರಾಮ್ಸೆ ಯುರೇನಿಯಂ ಇರುವ ಒಂದು ಕಲ್ಲಿನಿಂದ ಹೊರಟ ಅನಿಲವನ್ನು ಪರೀಕ್ಷಿಸಿದಾಗ ಅದೇ ಗೆರೆ ಕಂಡಿತು. ಸೂರ್ಯನಲ್ಲಿ ಮೊದಲು ಕಂಡ ಧಾತು ನೆಲದಲ್ಲಿ ಆಮೇಲೆ ಸಿಕ್ಕಿತು. ಇಂದು ದೊಡ್ಡ ಆಸ್ಪತ್ರೆಗಳ ಎಂ.ಆರ್.ಐ. ಯಂತ್ರದ ಅಯಸ್ಕಾಂತವನ್ನು ತಣ್ಣಗಿಡುವುದು ಇದೇ ಹೀಲಿಯಂ.

ಕಿರಾಣಿ ಅಂಗಡಿಕಾರನ ಮಗ

ಗೆರೆ ಕಂಡರೆ ಧಾತು ಇದೆ, ಸರಿ. ಗೆರೆ ಕಾಣದಿದ್ದರೆ ಧಾತು ಇಲ್ಲವೆಂದೇ? ಕೆಲವು ನಕ್ಷತ್ರಗಳಲ್ಲಿ ಜಲಜನಕದ ಗೆರೆ ಢಾಳಾಗಿದೆ, ಕೆಲವುಗಳಲ್ಲಿ ಮಸುಕಾಗಿದೆ. ಹಾಗಾದರೆ ನಕ್ಷತ್ರಕ್ಕೊಂದು ವಸ್ತುವೇ? ಈ ಗಂಟು ಬಿಡಿಸಿದವರು ಮೇಘನಾದ ಸಹಾ. ಢಾಕಾ ಹತ್ತಿರದ ಹಳ್ಳಿಯಲ್ಲಿ 1893ರಲ್ಲಿ ಸಣ್ಣ ಕಿರಾಣಿ ಅಂಗಡಿಕಾರನ ಮಗನಾಗಿ ಹುಟ್ಟಿದವರು. 1905ರಲ್ಲಿ ಬಂಗಾಲದ ವಿಭಜನೆಯ ವಿರುದ್ಧ ಚಳವಳಿಯಲ್ಲಿ ಗವರ್ನರನ ಭೇಟಿಗೆ ಬಹಿಷ್ಕಾರ ಹಾಕಿದ್ದಕ್ಕೆ ಶಾಲೆಯಿಂದ ಹೊರಬಿದ್ದರು, ವಿದ್ಯಾರ್ಥಿವೇತನವೂ ಹೋಯಿತು. ಕಲಕತ್ತೆಯ ವಿದ್ಯಾರ್ಥಿನಿಲಯದಲ್ಲಿ ಕೆಳಜಾತಿಯವನೆಂದು ಪಂಕ್ತಿಯ ಹೊರಗೆ ಕೂಡಿಸಿದರು. ಮುಂದೆ 1952ರಲ್ಲಿ ಲೋಕಸಭೆಗೆ ಪಕ್ಷೇತರರಾಗಿ ಆರಿಸಿಬಂದವರೂ ಇವರೇ.

1920ರಲ್ಲಿ ಸಹಾ ತೋರಿಸಿದ್ದು ಇಷ್ಟು: ಯಾವ ಗೆರೆ ಕಾಣುತ್ತದೆ ಎಂಬುದು ಧಾತು ಎಷ್ಟಿದೆ ಎಂಬುದರ ಮೇಲಷ್ಟೇ ಅಲ್ಲ, ಕಾವು ಎಷ್ಟಿದೆ ಎಂಬುದರ ಮೇಲೂ ನಿಂತಿದೆ. ಬೆಲ್ಲದ ಕೊಪ್ಪರಿಗೆ ನೋಡಿದವರಿಗೆ ಇದು ತಿಳಿಯುತ್ತದೆ. ಹಾಲು ಒಂದೇ, ಕಾವು ಏರಿದಂತೆ ಅದು ನೊರೆಯಾಗಿ, ಎಳೆಪಾಕವಾಗಿ, ಗಟ್ಟಿಪಾಕವಾಗಿ ಬೇರೆ ಬೇರೆ ಕಾಣುತ್ತದೆ. ಬಹಳ ಕಾದ ನಕ್ಷತ್ರದಲ್ಲಿ ಅಣುವಿನ ಹೊರಗಿನ ಇಲೆಕ್ಟ್ರಾನುಗಳು ಕಳಚಿಹೋಗಿ ಗೆರೆಗಳೇ ಬದಲಾಗುತ್ತವೆ. ಎಷ್ಟು ಕಾವಿಗೆ ಎಷ್ಟು ಕಳಚುತ್ತವೆ ಎಂಬುದಕ್ಕೆ ಸಹಾ ಒಂದು ಸಮೀಕರಣ ಕೊಟ್ಟರು.

ಆ ಸಮೀಕರಣ ಹಿಡಿದು 1925ರಲ್ಲಿ ಸಿಸಿಲಿಯಾ ಪೇನ್ ಎಂಬ ಇಪ್ಪತ್ತೈದರ ಹೆಣ್ಣುಮಗಳು ಅಮೆರಿಕದಲ್ಲಿ ಲೆಕ್ಕ ಹಾಕಿದಳು. ನಕ್ಷತ್ರಗಳೆಲ್ಲ ಬಹುಮಟ್ಟಿಗೆ ಒಂದೇ ವಸ್ತು, ಮತ್ತು ಅದರಲ್ಲಿ ಬಹುಪಾಲು ಜಲಜನಕ ಹಾಗೂ ಹೀಲಿಯಂ ಎಂದು ಉತ್ತರ ಬಂತು. ಹಿರಿಯ ಪಂಡಿತ ರಸೆಲ್ ಇದು ಸಾಧ್ಯವಿಲ್ಲ ಎಂದ. ಆ ಉತ್ತರ ಬಹುಶಃ ನಿಜವಲ್ಲ ಎಂದು ಆಕೆ ತನ್ನ ಪ್ರಬಂಧದಲ್ಲಿಯೇ ಬರೆಯಬೇಕಾಯಿತು. ನಾಲ್ಕು ವರ್ಷದ ಮೇಲೆ ರಸೆಲ್ ಬೇರೆ ದಾರಿಯಿಂದ ಲೆಕ್ಕ ಹಾಕಿದಾಗ ಅದೇ ಉತ್ತರ ಬಂತು, ಒಪ್ಪಿಕೊಂಡ. ಹಿರಿಯನ ಮಾತಿಗಿಂತ ತಾಳೆಯಾದ ಲೆಕ್ಕ ದೊಡ್ಡದಾಯಿತು.

ನಕ್ಷತ್ರಗಳ ವಂಶಾವಳಿ

ಕುಂದಗೋಳ ನಿಲ್ದಾಣದಲ್ಲಿ ನಿಂತಾಗ ರೈಲು ಸಿಳ್ಳು ಹಾಕುತ್ತ ಹತ್ತಿರ ಬರುವಾಗ ದನಿ ತೀಕ್ಷ್ಣ, ದಾಟಿ ಹೋಗುವಾಗ ಇಳಿದ ದನಿ. ಬೆಳಕಿಗೂ ಹಾಗೆಯೇ. ನಮ್ಮ ಕಡೆ ಬರುವ ನಕ್ಷತ್ರದ ಗೆರೆಗಳು ನೀಲಿಯ ಕಡೆ ಸರಿಯುತ್ತವೆ, ದೂರ ಹೋಗುವುದರ ಗೆರೆಗಳು ಕೆಂಪಿನ ಕಡೆ. ಎಷ್ಟು ಸರಿದಿವೆ ಎಂದು ಅಳೆದರೆ ವೇಗ ತಿಳಿಯುತ್ತದೆ.

ನಮ್ಮ ಆಕಾಶಗಂಗೆ ಹತ್ತಾರು ಸಾವಿರ ಕೋಟಿ ನಕ್ಷತ್ರಗಳ ಒಂದು ಜಾತ್ರೆ. ಇಂಥ ಜಾತ್ರೆಗೆ ಗ್ಯಾಲಕ್ಸಿ ಎನ್ನುತ್ತಾರೆ. ಬೇರೆ ಗ್ಯಾಲಕ್ಸಿಗಳು ಲೆಕ್ಕವಿಲ್ಲದಷ್ಟು. 1912ರಲ್ಲಿ ಸ್ಲೈಫರ್ ಎಂಬವನು ಆಂಡ್ರೊಮೀಡಾ ಗ್ಯಾಲಕ್ಸಿ ಸೆಕೆಂಡಿಗೆ ಸುಮಾರು 300 ಕಿಲೋಮೀಟರ್ ವೇಗದಿಂದ ನಮ್ಮ ಕಡೆ ಬರುತ್ತಿದೆ ಎಂದು ಅಳೆದ. ಆಮೇಲೆ ಅಳೆದವುಗಳಲ್ಲಿ ಬಹಳಷ್ಟು ದೂರ ಸರಿಯುತ್ತಿದ್ದವು. 1929ರಲ್ಲಿ ಹಬಲ್ ದೂರ ಹೆಚ್ಚಿದಷ್ಟೂ ಸರಿಯುವ ವೇಗವೂ ಹೆಚ್ಚು ಎಂದು ತೋರಿಸಿದ. ವಿಶ್ವವೇ ಹಿಗ್ಗುತ್ತಿದೆ, ಹಿಗ್ಗುವ ದಾರಿಯಲ್ಲಿ ಬಂದ ಬೆಳಕೂ ಹಿಗ್ಗಿ ಕೆಂಪಾಗುತ್ತದೆ. ಹೆಚ್ಚು ಕೆಂಪಾದ ಬೆಳಕು ಹೆಚ್ಚು ಹಳೆಯ ಬೆಳಕು. ಹಳೆಯ ಖಾತೆಪುಸ್ತಕಗಳನ್ನು ವರ್ಷದ ಮೇಲಿಂದ ಜೋಡಿಸಿಟ್ಟಂತೆ, ಗ್ಯಾಲಕ್ಸಿಗಳ ಬಾಲ್ಯ, ಯೌವನ, ಮುಪ್ಪುಗಳನ್ನು ಸಾಲಾಗಿ ನೋಡಬಹುದು.

ಆ ಸಾಲಿನಲ್ಲಿ ಏನು ಕಂಡಿದೆ? ವಿಶ್ವಕ್ಕೆ ಸುಮಾರು 1380 ಕೋಟಿ ವರ್ಷ. ಮೊದಲಿಗೆ ಇದ್ದದ್ದು ಜಲಜನಕ, ಹೀಲಿಯಂ, ಚೂರು ಲಿಥಿಯಂ ಮಾತ್ರ. ಉಳಿದ ಧಾತುಗಳಲ್ಲಿ ಹೆಚ್ಚಿನವು ನಕ್ಷತ್ರಗಳ ಒಳಗೆ, ಅವುಗಳ ಸಾವಿನಲ್ಲಿ ತಯಾರಾದವು. ಇದಕ್ಕೂ ಸಾಕ್ಷಿ ಗೆರೆಯೇ. ಟೆಕ್ನೀಷಿಯಂ ಎಂಬ ಧಾತು ಲಕ್ಷಾಂತರ ವರ್ಷಗಳಲ್ಲಿ ತಾನೇ ಒಡೆದು ಇಲ್ಲವಾಗುತ್ತದೆ. ಅದರ ಗೆರೆಗಳನ್ನು 1952ರಲ್ಲಿ ಪಾಲ್ ಮೆರಿಲ್ ಕೆಲವು ಮುದಿ ನಕ್ಷತ್ರಗಳಲ್ಲಿ ಕಂಡ. ಆ ನಕ್ಷತ್ರಗಳ ವಯಸ್ಸೋ ಅದಕ್ಕಿಂತ ಎಷ್ಟೋ ಹೆಚ್ಚು. ಹುಟ್ಟುವಾಗ ತಂದದ್ದಾಗಿದ್ದರೆ ಎಂದೋ ಮುಗಿದಿರಬೇಕಿತ್ತು. ಅಡುಗೆಮನೆಯಲ್ಲಿ ಬಿಸಿ ರೊಟ್ಟಿ ಕಂಡರೆ ಒಲೆ ಹೊತ್ತಿದೆ ಎಂದೇ ಅರ್ಥ.

ನಕ್ಷತ್ರ ಸತ್ತಾಗ ಆ ಧಾತುಗಳು ಆಕಾಶದಲ್ಲಿ ಹರಡಿ, ಮುಂದಿನ ಪೀಳಿಗೆಯ ನಕ್ಷತ್ರಕ್ಕೆ ಗೊಬ್ಬರವಾಗುತ್ತವೆ. ಆದ್ದರಿಂದ ತೀರ ಹಳೆಯ ನಕ್ಷತ್ರಗಳಲ್ಲಿ ಕಬ್ಬಿಣದ ಗೆರೆ ಬಲು ಸಣ್ಣದು. ಸೂರ್ಯನಂಥ ನಂತರದವುಗಳಲ್ಲಿ ದೊಡ್ಡದು. ಧಾತುಗಳ ಪ್ರಮಾಣ ಮನೆತನದ ಅಡ್ಡಹೆಸರಿನಂತೆ ಉಳಿಯುತ್ತದೆ. 2018ರಲ್ಲಿ ಗಾಯಾ ಎಂಬ ಉಪಗ್ರಹದ ಅಳತೆಗಳನ್ನೂ ವರ್ಣಪಟಲಗಳನ್ನೂ ಕೂಡಿಸಿ ನೋಡಿದಾಗ, ನಮ್ಮ ಆಕಾಶಗಂಗೆಯಲ್ಲಿ ಬೇರೆ ಚಲನೆಯ, ಬೇರೆ ಪ್ರಮಾಣದ ಧಾತುಗಳ ನಕ್ಷತ್ರಗಳ ದೊಡ್ಡ ಗುಂಪೊಂದು ಸಿಕ್ಕಿತು. ಸುಮಾರು ಸಾವಿರ ಕೋಟಿ ವರ್ಷದ ಹಿಂದೆ ಚಿಕ್ಕ ಗ್ಯಾಲಕ್ಸಿಯೊಂದು ಬಂದು ಇದರಲ್ಲಿ ಕೂಡಿಹೋದದ್ದರ ಗುರುತು ಅದು. ಎಷ್ಟೋ ತಲೆಮಾರಿನ ಹಿಂದೆ ಬೇರೆ ಸೀಮೆಯಿಂದ ಬಂದು ನೆಲೆಸಿದ ಮನೆತನವನ್ನು ಹೆಸರಿನಿಂದ ಗುರುತಿಸಿದ ಹಾಗೆ.

ಇನ್ನೂ ಹಿಂದಕ್ಕೆ ಹೋಗೋಣ. 2021ರ ಡಿಸೆಂಬರಿನಲ್ಲಿ ಹಾರಿಸಿದ ವೆಬ್ ದೂರದರ್ಶಕವು 2024ರಲ್ಲಿ ತೋರಿಸಿದ ಒಂದು ಗ್ಯಾಲಕ್ಸಿಯ ಬೆಳಕು ಸುಮಾರು 15 ಪಟ್ಟು ಹಿಗ್ಗಿ ಬಂದಿದೆ. ಆ ಬೆಳಕು ಹೊರಟಾಗ ವಿಶ್ವಕ್ಕೆ 30 ಕೋಟಿ ವರ್ಷವಷ್ಟೇ. 2025ರಲ್ಲಿ ಅದೇ ಗ್ಯಾಲಕ್ಸಿಯಲ್ಲಿ ಆಮ್ಲಜನಕದ ಗೆರೆ ಕಂಡಿತು. ಎಂದರೆ ಅಷ್ಟು ಬೇಗ ಅಲ್ಲಿ ನಕ್ಷತ್ರಗಳು ಹುಟ್ಟಿ, ಸತ್ತು, ಆಮ್ಲಜನಕ ಚೆಲ್ಲಿ ಆಗಿತ್ತು.

ತಾಳೆಯಾಗದ ಲೆಕ್ಕವೂ ಉಂಟು. 1970ರಲ್ಲಿ ವೆರಾ ರೂಬಿನ್ ಮತ್ತು ಫೋರ್ಡ್ ಆಂಡ್ರೊಮೀಡಾ ಸುತ್ತುವ ವೇಗವನ್ನು ಗೆರೆಗಳಿಂದ ಅಳೆದರು. ಹೊರ ಅಂಚಿನ ಭಾಗ ನಿಧಾನವಾಗಿ ಸುತ್ತಬೇಕಿತ್ತು, ಸುತ್ತಲಿಲ್ಲ. ಕಾಣುವ ನಕ್ಷತ್ರಗಳ ತೂಕ ಆ ವೇಗಕ್ಕೆ ಸಾಲದು. ಕಾಣದ ತೂಕ ಬಹಳವಿರಬೇಕು. ಅದು ಏನೆಂದು ಇಂದಿಗೂ ಯಾರಿಗೂ ಗೊತ್ತಿಲ್ಲ, ಮತ್ತು ವಿಜ್ಞಾನಿಗಳು ಹಾಗೆಂದು ಬಾಯಿಬಿಟ್ಟು ಹೇಳುತ್ತಾರೆ. ದೋಷಕ್ಕೆ ಶಾಂತಿ ಮಾಡಿಸುವವರು ಎಂದಾದರೂ ನನಗೆ ಗೊತ್ತಿಲ್ಲ ಎಂದದ್ದನ್ನು ಕೇಳಿದ್ದೀರಾ?

ನಮ್ಮ ನಾಡಿನ ಕೆಲಸ

1868ರಲ್ಲಿ ಸಾಧನವೂ ಪರದೇಶದ್ದು, ನೋಡಿದವರೂ ಪರದೇಶದವರು. ಆ ಕಾಲ ಹೋಯಿತು. 1957ರಲ್ಲಿ ವೈಣು ಬಾಪ್ಪು ಅವರು ಅಮೆರಿಕದ ಓಲಿನ್ ವಿಲ್ಸನ್ ಜೊತೆಗೂಡಿ, ಕೆಲವು ಬಗೆಯ ನಕ್ಷತ್ರಗಳಲ್ಲಿ ಕ್ಯಾಲ್ಸಿಯಂ ಗೆರೆಯ ನಡುವಿನ ಹೊಳಪಿನ ಅಗಲದಿಂದಲೇ ನಕ್ಷತ್ರದ ನಿಜವಾದ ಪ್ರಕಾಶ ತಿಳಿಯಬಹುದೆಂದು ತೋರಿಸಿದರು. ಪ್ರಕಾಶದಿಂದ ದೂರ ತಿಳಿಯುತ್ತದೆ. ಬೆಂಗಳೂರಿನ ಭಾರತೀಯ ಖಭೌತವಿಜ್ಞಾನ ಸಂಸ್ಥೆಯನ್ನು ಕಟ್ಟಿದವರು ಅವರೇ. ಲಡಾಖಿನ ಹಾನ್ಲೆಯಲ್ಲಿ 4500 ಮೀಟರ್ ಎತ್ತರದಲ್ಲಿ ಆ ಸಂಸ್ಥೆಯ ಎರಡು ಮೀಟರ್ ದೂರದರ್ಶಕವಿದೆ. ಅದನ್ನು ನಡೆಸುವುದು ಬೆಂಗಳೂರ ಮಗ್ಗುಲಿನ ಹೊಸಕೋಟೆಯಿಂದ, ಉಪಗ್ರಹದ ಮೂಲಕ. ನಕ್ಷತ್ರದ ಬೆಳಕು ಹಿಮಾಲಯದಲ್ಲಿ ಬೀಳುತ್ತದೆ, ಗೆರೆಗಳು ಹೊಸಕೋಟೆಯಲ್ಲಿ ಮೂಡುತ್ತವೆ.

1980ರ ಫೆಬ್ರವರಿ 16ರಂದು ಇನ್ನೊಂದು ಖಗ್ರಾಸ ಗ್ರಹಣದ ನೆರಳು ಕಾರವಾರ, ಹುಬ್ಬಳ್ಳಿ, ಗದಗ, ರಾಯಚೂರುಗಳ ಮೇಲೆಯೇ ಹಾಯಿತು. ಆಗ ನಮ್ಮ ವಿಜ್ಞಾನಿಗಳೇ ರಾಯಚೂರು ಜಿಲ್ಲೆಯ ಜವಳಗೇರಾದಲ್ಲಿ ಸಾಧನ ಹೂಡಿ ನಿಂತರು. ಅದೇ ಹೊತ್ತಿಗೆ ಎಷ್ಟೋ ಮನೆಗಳಲ್ಲಿ ಬಾಗಿಲು ಹಾಕಿಕೊಂಡು ಕೂತಿದ್ದರು. ಗ್ರಹಣವನ್ನು ಬರಿಗಣ್ಣಿನಿಂದ ನೋಡಬಾರದು, ಅದು ನಿಜ, ಕಣ್ಣು ಸುಡುತ್ತದೆ. ಆದರೆ ಅದಕ್ಕೆ ಬೇಕಾದದ್ದು ತಕ್ಕ ಕನ್ನಡಕ, ಬಾಗಿಲ ಅಗುಳಿಯಲ್ಲ.

ನಮಗೇನು?

ಇದರಿಂದ ಕೂಲಿ ಹೆಚ್ಚುತ್ತದೆಯೇ ಎಂದು ಗಿರಣಿಯ ಗೆಳೆಯರು ಕೇಳಬಹುದು. ಇಲ್ಲ, ಹೆಚ್ಚುವುದಿಲ್ಲ. ಕೂಲಿ ಹೆಚ್ಚಬೇಕಾದರೆ ಸಂಘಟನೆ ಬೇಕು. ಆದರೆ ಈ ವಿದ್ಯೆ ನಿಮ್ಮ ಕೆಲಸದ ಮನೆಗೂ ಬಂದಿದೆ. ಉಕ್ಕಿನ ಕಾರ್ಖಾನೆಯಲ್ಲಿ ಲೋಹದ ತುಣುಕಿಗೆ ವಿದ್ಯುತ್ ಕಿಡಿ ಹೊಡೆದು, ಆ ಬೆಳಕಿನ ಗೆರೆಗಳಿಂದ ಅದರಲ್ಲಿ ಏನೇನು ಎಷ್ಟಿದೆ ಎಂದು ತಿಳಿಯುತ್ತಾರೆ. ಬಟ್ಟೆ ಗಿರಣಿಯಲ್ಲಿ ಒಂದು ಥಾನಿನ ಬಣ್ಣ ಇನ್ನೊಂದಕ್ಕೆ ಕೂಡಿದೆಯೋ ಇಲ್ಲವೋ ಎಂದು ಬೆಳಕನ್ನು ಹರವಿ ಅಳೆಯುವ ಯಂತ್ರ ಹೇಳುತ್ತದೆ. ದವಾಖಾನೆಯ ರಕ್ತಪರೀಕ್ಷೆಯಲ್ಲಿಯೂ ಎಷ್ಟು ಬಣ್ಣ ಹೀರಿತು ಎಂಬುದೇ ಲೆಕ್ಕ.

ಇನ್ನೊಂದು ಲಾಭ ಇದಕ್ಕಿಂತ ದೊಡ್ಡದು. ಆಕಾಶದ್ದು ದಿವ್ಯವಾದ ವಸ್ತು, ನೆಲದ್ದು ಕೀಳು ಎಂದು ಸಾವಿರಾರು ವರ್ಷ ಹೇಳಿಕೊಂಡು ಬಂದರು. ಗೆರೆಗಳು ಆ ಭೇದವನ್ನು ಅಳಿಸಿದವು. ಸೂರ್ಯನಲ್ಲಿರುವ ಕಬ್ಬಿಣವೇ ಕುಡಗೋಲಿನಲ್ಲಿದೆ, ನಮ್ಮ ನಿಮ್ಮ ರಕ್ತದಲ್ಲಿಯೂ ಇದೆ. ಜಾತಿ ಯಾವುದೇ ಇರಲಿ, ರಕ್ತದ ಕಬ್ಬಿಣ ನಕ್ಷತ್ರದ ಒಲೆಯಲ್ಲಿ ಬೆಂದದ್ದೇ.

ಆದ್ದರಿಂದ ಒಂದು ಕೆಲಸ ಹೇಳಿ ಮುಗಿಸುತ್ತೇನೆ. ಮನೆಯಲ್ಲಿ ಹಳೆಯ ಹಾಡಿನ ಸಿ.ಡಿ. ತಟ್ಟೆಯಿದ್ದರೆ ಮಕ್ಕಳ ಕೈಗೆ ಕೊಡಿ. ಹಳೆಯ ಟ್ಯೂಬ್‌ಲೈಟಿನ ಬೆಳಕು ಅದರ ಮೇಲೆ ಓರೆಯಾಗಿ ಬೀಳುವಂತೆ ಹಿಡಿಯಲಿ. ತುಂಡುತುಂಡಾದ ಬಣ್ಣದ ಪಟ್ಟಿಗಳು ಕಾಣುತ್ತವೆ. ಆಮೇಲೆ ಮೇಣದ ಬತ್ತಿಯ ಬೆಳಕಿಗೆ ಹಿಡಿಯಲಿ; ಪಟ್ಟಿ ತುಂಡಾಗದೆ ಒಂದೇ ಸಮನಾಗಿ ಹರಿಯುತ್ತದೆ. ಸೂರ್ಯನ ಕಡೆ ಮಾತ್ರ ಎಂದೂ ಹಿಡಿಯಬಾರದೆಂದು ಹೇಳಿ. ಈ ಎರಡು ಬೆಳಕಿಗೆ ಏಕೆ ಭೇದ ಎಂದು ಮಕ್ಕಳು ಕೇಳುತ್ತಾರೆ. ಫ್ರೌನ್‌ಹೋಫರ್ ಎಂಬ ಕಾಮಗಾರ ಹುಡುಗನ ಕಥೆಯಿಂದ ಉತ್ತರ ಶುರುಮಾಡಿ. ಮತ್ತು ನಕ್ಷತ್ರದ ಹೆಸರಿನಲ್ಲಿ ನಾಳೆ ಯಾರಾದರೂ ಮನೆಬಾಗಿಲಿಗೆ ಬಂದು ಖರ್ಚಿನ ಪಟ್ಟಿ ಮುಂದಿಟ್ಟರೆ, ದುಡ್ಡು ತೆಗೆಯುವ ಮುಂಚೆ ಮರ್ಯಾದೆಯಿಂದಲೇ ಕೇಳಿ: ಸ್ವಾಮೀ, ಈ ಲೆಕ್ಕ ತಾಳೆ ನೋಡುವುದು ಹೇಗೆ?